ಅಥಣಿ ರಸ್ತೆಯ ಶಿರಸ್ತ್ರಾಣ ಕಾಳಗ

“ಏ, ಈ ತಲಿಗೆ ಹೆಲ್ಮೆಟ್ ಸಾಲೂದಿಲ್ಲೋ! ಕಾಶವ್ವ, ಮದುವಿ ಮನಿ ಕೊಪ್ಪರಿಗಿ ಒಂದಿದ್ರ ಕೊಡವಾ, ಇವಗ ಡಬ್ಬ ಹಾಕೂಣು!”

ಎಂಬೀ ವಾಗ್ಬಾಣವು, ವಿಜಯಪುರ ನಗರದ ಅಥಣಿ ರಸ್ತೆಯಲ್ಲಿ, ಶನಿವಾರ ಮುಂಜಾನೆಯ ಏಳೂವರೆ ಗಂಟೆಗೆ, ಸೈಕಲ್ ಅಂಗಡಿಯ ಒಡೆಯನೂ ಸವಾರಕುಲಪಿತಾಮಹನೂ ಆದ ಸಿದಗೊಂಡ ಉಸ್ತಾದನ ಎಲೆಯಡಿಕೆರಂಜಿತ ಬಾಯಿಂದ ಹೊರಟು, ಎದುರಿನ ಕಾಶವ್ವನ ಚಹಾದಂಗಡಿಯ ಮುಂದೆ ಬಸಿ ಹಿಡಿದು ನಿಂತಿದ್ದ ಹದಿನೆಂಟು ಜನರ ಕಿವಿಗಳನ್ನು ಹಾದು, ಅಮೋಘಸಿದ್ಧನ ಎದೆಯಲ್ಲಿ ನೆಟ್ಟಿತು. ಹದಿನೆಂಟೂ ಜನ ನಕ್ಕರು. ಒಬ್ಬನಂತೂ ನಕ್ಕ ರಭಸಕ್ಕೆ ಚಹಾ ಮೂಗಿಗೇರಿ, ಕೆಮ್ಮುತ್ತಲೇ ನಕ್ಕ.

ಹೇ ವಾಯುದೇವ! ಟ್ಯೂಬಿನೊಳಗೆ ಹೊಕ್ಕರೆ ವೇಗವಾಗಿ, ಪಂಪಿನೊಳಗೆ ಹೊಕ್ಕರೆ ಬಲವಾಗಿ, ಮನುಷ್ಯನ ಬಾಯೊಳಗೆ ಹೊಕ್ಕರೆ ಬರೀ ಬಡಾಯಿಯಾಗುವ ಸರ್ವಾಂತರ್ಯಾಮಿಯೇ! ಕುದುರೆಗಳು ಟಾಂಗಾ ಬಿಟ್ಟ, ಟಾಂಗಾವಾಲಾಗಳು ಆಟೋ ಹಿಡಿದ, ಬೆಂಚಿನ ಮೇಲೆ ಕುಳಿತವರು ರಸ್ತೆಯಲ್ಲಿ ಓಡುವವರಿಗೆ ಪುಕ್ಕಟೆ ಬುದ್ಧಿ ಹೇಳುವ ಈ ಘೋರಯುಗದಲ್ಲಿ ಜರುಗಿದ ಈ ಮಹಾಸಮರವನ್ನು ನಡುದಾರಿಯಲ್ಲಿ ಪಂಚರಾಗದಂತೆ ನನ್ನಿಂದ ಹೇಳಿಸು. ನಕ್ಕವರ ಹೆಸರುಗಳನ್ನೂ ಹೇಳಿಸಬಹುದಿತ್ತು. ಆದರೆ ಒಂದು ದಿನವೂ ಪೆಡಲ್ ತುಳಿಯದ ಆ ಕಾಲುಗಳ ಒಡೆಯರಿಗೆ ವೀರಗಾಥೆಯಲ್ಲಿ ಜಾಗ ಕೊಡಲು ನನಗೆ ಮನಸ್ಸಿಲ್ಲ. ನಿಂತಿರಲಿ ಹಾಗೆಯೇ, ಬಸಿ ನೆಕ್ಕುತ್ತ.

ಈಗ ವೀರನನ್ನು ನೋಡಿರಿ. ಬೋರವ್ವಗರ್ಭಸಂಜಾತನು, ಇಪ್ಪತ್ಮೂರು ಬೇಸಿಗೆಗಳಲ್ಲಿ ಬೆಂದು ಗಟ್ಟಿಯಾದವನು, ನಸುಕಿನಲ್ಲೆದ್ದು ನಾಲ್ಕು ಬಡಾವಣೆಗಳಿಗೆ ಪಾವು-ಬ್ರೆಡ್ಡು ಹಂಚುವ ಅನ್ನದಾತನು, ಎಂಥ ಏರಿನಲ್ಲೂ ಸೀಟು ಬಿಟ್ಟೇಳದ ಲೋಹಜಂಘನು, ಬ್ರೇಕಿಗೂ ತನಗೂ ಹಳೆಯ ದ್ವೇಷವಿದೆಯೆಂಬಂತೆ ಇಳಿಜಾರಿನಲ್ಲಿ ಧುಮುಕುವ ಪ್ರಪಾತಪ್ರಿಯನು, ಮತ್ತು, ಮುಚ್ಚಿಟ್ಟು ಫಲವಿಲ್ಲ, ಮೂಗಿನ ತುದಿಯಲ್ಲೇ ಸಿಟ್ಟನ್ನು ಕೂರಿಸಿಕೊಂಡು ತಿರುಗುವವನು. ಇಷ್ಟೆಲ್ಲ ಕೊಟ್ಟ ಬ್ರಹ್ಮನು ಕಡೆಗೆ ತಲೆಯ ಹತ್ತಿರ ಬಂದಾಗ ಕೈ ತಡೆಯಲಾರದೆ ಸ್ವಲ್ಪ ಹೆಚ್ಚೇ ಮಣ್ಣು ಹಾಕಿಬಿಟ್ಟಿದ್ದ. ಆ ತಲೆ ಶಾಲೆಯಲ್ಲಿ ಹಿಂದಿನವರಿಗೆ ಬೋರ್ಡು ಕಾಣದಂತೆ ಮಾಡುತ್ತಿತ್ತು. ಮಾಸ್ತರರು ಅವನನ್ನು ಕಡೆಯ ಸಾಲಿಗೆ ಕಳಿಸಿ, “ಗುಮ್ಮಟ ನೋಡಾಕ ಟಿಕೇಟು ತಗೊಂಡು ಹೋಗೂದ್ಯಾಕ, ನಮ್ಮ ಸಾಲ್ಯಾಗ ಒಂದೈತಿ” ಎಂದಿದ್ದರು. ಆ ದಿನ ಇಡೀ ಏಳನೆಯ ಇಯತ್ತೆ ನಕ್ಕಿತ್ತು. ಮರುದಿನದಿಂದ ಅವನು ಶಾಲೆಯ ಕಡೆ ತಲೆ ಹಾಕಲಿಲ್ಲ.

ಆದುದರಿಂದ ಕೊಪ್ಪರಿಗೆಯ ಮಾತು ಎಲ್ಲಿ ನೆಟ್ಟಿತೆಂಬುದು ಈಗ ನಿಮಗೆ ತಿಳಿದಿರಬೇಕು.

ಮಾತು ಹುಟ್ಟಿದ್ದು ಹೀಗೆ. ನಾಳೆಯದನ್ನು ಬಿಟ್ಟು ಮುಂದಿನ ಆಯಿತವಾರಕ್ಕೆ ಎಂಟು ದಿನ. ಅಂದು ಜಮಖಂಡಿ ರಸ್ತೆಯಲ್ಲಿ ಸೈಕಲ್ ಪಂದ್ಯ. ಉಸ್ತಾದನ ತಂಡದ ಮುಂದಾಳಾಗಿ ಓಡುವ ಪಟ್ಟಕ್ಕಾಗಿ ಅಮೋಘಸಿದ್ಧನು ಮೂರು ವರ್ಷ ಬೆವರು ಬಸಿದಿದ್ದ. ತಲೆಗೆ ಹೆಲ್ಮೆಟ್ ಇಲ್ಲದವನನ್ನು ಗೆರೆಯ ಹತ್ತಿರವೂ ಬಿಡುವುದಿಲ್ಲವೆಂಬುದು ಪಂದ್ಯದವರ ಶಾಸನ. ಉಸ್ತಾದನ ಅಂಗಡಿಯ ಗೂಟದಲ್ಲಿ ತಂಡಕ್ಕೆಲ್ಲ ಒಂದೇ ಆದ ಹಳದಿ ಹೆಲ್ಮೆಟ್ಟು ತೂಗುತ್ತಿತ್ತು. ಹದಿನಾಲ್ಕು ವರ್ಷಗಳ ಸವಾರರ ಬೆವರನ್ನು ಹೀರಿ ಪರಿಪಕ್ವವಾದುದು, ಹರಿದ ಪಟ್ಟಿಗೆ ಬೂಟಿನ ಲಾಡಿ ಕಟ್ಟಿಸಿಕೊಂಡದ್ದು, ವಾಸನೆಯಿಂದಲೇ ವೈರಿಗಳನ್ನು ಹಿಮ್ಮೆಟ್ಟಿಸಬಲ್ಲದ್ದು. ಅದನ್ನು ಉಸ್ತಾದನು ಸ್ವಹಸ್ತದಿಂದ ಅಮೋಘಸಿದ್ಧನ ನೆತ್ತಿಯ ಮೇಲಿಟ್ಟು ಒತ್ತಿದ. ಅದು ಇಳಿಯಲಿಲ್ಲ. ಎರಡೂ ಕೈಯಿಂದ ಒತ್ತಿದ. ಗುಡ್ಡದ ತುದಿಯಲ್ಲಿ ಗುಬ್ಬಿಗೂಡು ಕೂತಂತೆ ಕೂತಿತು. ಆಮೇಲೆ ಬಂದದ್ದೇ ಆ ಮಾತು.

ಅಮೋಘಸಿದ್ಧನು ಹಳದಿ ಹೆಲ್ಮೆಟ್ಟನ್ನು ತೆಗೆದು ಸ್ಟೂಲಿನ ಮೇಲೆ ಕುಕ್ಕಿದ. ಕಣ್ಣು ಕೆಂಡವಾದವು, ಕಿವಿಗಳು ಅದಕ್ಕಿಂತ ಕೆಂಪಾದವು. ಎಡಗಾಲನ್ನು ಪಂಪಿನ ಮೇಲಿಟ್ಟು, ಬಲಗೈಯನ್ನು ಆಕಾಶಕ್ಕೆತ್ತಿ, ಸಿಂಹನಾದ ಮಾಡಿದ:

“ಕೇಳ್ರಿ ಉಸ್ತಾದ್ರ! ಕೇಳ ಕಾಶವ್ವ! ಹಲ್ಲ ಕಿಸಿಯೂ ಮಂದಿ ಎಲ್ಲಾರೂ ಕೇಳ್ರಿ! ಈ ರಸ್ತಾದ ಒಂದೊಂದ ತೆಗ್ಗಿಗೂ ನನ್ನ ಹೆಸರ ಗೊತ್ತೈತಿ. ಎದುರುಗಾಳಿ ನನ್ನ ನೋಡಿ ಬಾಜೂಕ ಸರೀತೈತಿ. ನನ್ನ ತಲಿ ದೊಡ್ಡದಲ್ಲ, ನಿಮ್ಮ ಹೆಲ್ಮೆಟ್ ಸಣ್ಣದೈತಿ! ಅಳತಿ ತಪ್ಪಿದ್ದು ಬ್ರಹ್ಮಂದಲ್ಲ, ಕಾರ್ಖಾನಿಯವಂದು! ತಲಿಗೆ ಮುಟ್ಟಲಾರದನ ತಲಿ ಕಾಯೂ ಹೆಲ್ಮೆಟ್ ನನ್ನ ಹಂತೇಲೆ ಐತಿ. ತೋರಸ್ಲೇನು?”

“ತೋರ್ಸಪಾ,” ಎಂದ ಉಸ್ತಾದ, ತಂಬಾಕು ತಿಕ್ಕುತ್ತ. “ಹರ್ಯಾಗ ಎದ್ದ ನಿನ್ನ ಬಾಯಿನ ನೋಡಾಕತ್ತೇನಿ, ಹೆಲ್ಮೆಟ್ಟೂ ನೋಡೂಣು.”

ಅಮೋಘಸಿದ್ಧನು ಪಾವಿನ ಬುಟ್ಟಿಯ ತಳದಿಂದ, ತಾಯಿಯ ಹಳೆಯ ಇಳಕಲ್ ಸೀರೆಯ ತುಂಡಿನಲ್ಲಿ ಸುತ್ತಿದ್ದ ದಿವ್ಯಾಸ್ತ್ರವನ್ನು ಹೊರತೆಗೆದ. ಅದು ಕಪ್ಪಗೆ, ದಪ್ಪಗೆ, ಕುತ್ತಿಗೆಯ ಸುತ್ತ ಕೂಡುವ ಪಟ್ಟಿ. ಹೋದ ತಿಂಗಳು ಗುಮ್ಮಟ ನೋಡಲೆಂದು ಸೈಕಲ್ಲಿನಲ್ಲೇ ಬಂದ ಪರದೇಶಿಯೊಬ್ಬನ ಹಿಂದಿನ ಗಾಲಿ ರಸ್ತೆಯ ಉಬ್ಬಿಗೆ ಸಿಕ್ಕು ಹಪ್ಪಳದಂತೆ ತಿರುಚಿಹೋಗಿತ್ತು. ಅಮೋಘಸಿದ್ಧನು ಮಟಮಟ ಮಧ್ಯಾಹ್ನ, ರಸ್ತೆಯ ಬದಿಗೆ ಕುಳಿತು, ಒಂದೊಂದೇ ಕಡ್ಡಿ ಎಳೆದು ಸಡಿಲಿಸಿ ಆ ಗಾಲಿಯನ್ನು ಚಂದ್ರಬಿಂಬದಷ್ಟು ದುಂಡಗೆ ಮಾಡಿಕೊಟ್ಟ, ಕೂಲಿ ಬೇಡವೆಂದ. ಪರದೇಶಿಯು ಕೈ ಜೋಡಿಸಿ, ತನ್ನ ಕುತ್ತಿಗೆಯದನ್ನೇ ಬಿಚ್ಚಿ ಅವನ ಕುತ್ತಿಗೆಗೆ ತೊಡಿಸಿ, ಬೀಳುವಂತೆ ನಟಿಸಿ, ಗಲ್ಲವುಬ್ಬಿಸಿ “ಫುಸ್” ಎಂದು ತೋರಿಸಿ, ಚಾರ್ಜಿನ ವೈರನ್ನೂ ಕೊಟ್ಟು ಹೋದ. ಅಂದಿನಿಂದ ಅಮೋಘಸಿದ್ಧನು ಅದನ್ನು ಚಾರ್ಜು ಮಾಡಿ ಮಾಡಿ ಮಡಚಿಟ್ಟಿದ್ದನೇ ಹೊರತು ಯಾರಿಗೂ ತೋರಿಸಿರಲಿಲ್ಲ.

“ಥಂಡಿ ಹತ್ತೈತೇನೋ ಈ ಬ್ಯಾಸಿಗ್ಯಾಗ?” ಎಂದ ಉಸ್ತಾದ. “ಮಫ್ಲರ್ ತಂದೀಯಲ್ಲ!”

“ಮಫ್ಲರ್ ಅಲ್ರಿ, ಹೆಲ್ಮೆಟ್. ಇದರೊಳಗ ಗಾಳಿಚೀಲ ಮಡಚಿ ಇಟ್ಟಾರ. ಚಾರ್ಜ್ ಮಾಡಿ ಗದ್ದದ ಕೆಳಗ ಈ ಗುಂಡಿ ಹಾಕಿದ್ವಿ ಅಂದ್ರ ಎಚ್ಚರಾಗಿ ಕೂಡತೈತಿ. ನಾವು ಬಿದ್ವಿ ಅಂದ್ರ, ನೆಲಾ ಮುಟ್ಟೂದ್ರಾಗ ರಪ್ಪನ ಉಬ್ಬಿ ತಲಿ ಕುತ್ತಿಗಿ ಎಲ್ಲಾ ಮುಚ್ಚತೈತಿ.”

“ಗುಮ್ಮಟದ ಮ್ಯಾಲ ಇನ್ನೊಂದ ಗುಮ್ಮಟ!” ಎಂದಳು ಕಾಶವ್ವ, ಸೋಸಣಿಗೆ ಝಾಡಿಸುತ್ತ. ಮತ್ತೆ ನಗೆ.

ಉಸ್ತಾದನು ನಗಲಿಲ್ಲ. ಹಿಂದೆ ಗರಡಿಯಲ್ಲಿ ಎದುರಾಳಿಯ ಪಟ್ಟುಗಳನ್ನು ಅಳೆಯುತ್ತಿದ್ದ ಕಣ್ಣಿನಿಂದ ಪಟ್ಟಿಯನ್ನು ತಿರುವಿ ತಿರುವಿ ನೋಡಿ, ವಾಗ್ಯುದ್ಧಕ್ಕಿಳಿದ.

“ಚಾರ್ಜ್ ಬೇಕಂದಿ. ಕರೆಂಟ್ ಹ್ವಾದ ದಿನ ಏನ ಮಾಡ್ತಿ? ನನ್ನ ಹಳದಿ ಹೆಲ್ಮೆಟ್ ಲೈಟ್ ಬಿಲ್ ಕೇಳೂದಿಲ್ಲ.”

“ಕೂಯ್ ಕೂಯ್ ಅಂತ ಮೊದ್ಲ ಹೇಳತೈತ್ರಿ ಅದು. ನಿಮ್ಮ ಹೆಲ್ಮೆಟ್ ಒಳಗಿಂದೊಳಗ ಸೀಳಿದ್ರೂ ಹೇಳೂದಿಲ್ಲ.”

“ಕಬ್ಬಿನ ಟ್ರ್ಯಾಕ್ಟರ್ ಬಾಜೂಕ ಹಾದು ಗಳ ಹಣಿಗೆ ಬಡೀತಂದ್ರ? ಬೀಳಾಕ ಮೊದ್ಲನ ಹಣಿ ಒಡೀತು. ಮಲಗಿದ್ದ ಚೀಲ ಯಾವಾಗ ಏಳೂದು?”

ಅಮೋಘಸಿದ್ಧನು ಕುತ್ತಿಗೆ ಬಗ್ಗಿಸಿ ತೋರಿಸಿದ. “ಗಳ ಬಂದ್ರ ನಾ ಬಗ್ಗತೇನ್ರಿ,” ಎಂದ. “ನಿಮ್ಮದು ನೆತ್ತಿ ಕಾಯತೈತಿ, ಕುತ್ತಿಗಿ ಕೈಬಿಡತೈತಿ. ಇದು ಎರಡೂ ಹಿಡೀತೈತಿ.”

“ಖರೆ ಇದ್ದೀತು. ಒಮ್ಮಿ ಉಬ್ಬಿದ ಮ್ಯಾಲ ಮತ್ತ ಮಡಚಾಕ ಬರತೈತೇನು?”

ಇದೇ ಆ ಮರ್ಮಾಘಾತ. ವೀರನ ಧ್ವನಿ ತಗ್ಗಿತು. “ಇಲ್ರಿ. ಒಂದ ಸಲ.”

“ಅಂದ್ರ ಪಟಾಕ್ಷಿ!” ಎಂದು ಉಸ್ತಾದನು ತೊಡೆ ತಟ್ಟಿದ. “ಒಂದ ಹೊಡತಕ್ಕ ಮುಗೀತು! ಅಲ್ಲೋ, ಇಲ್ಲಿಂದ ಪೆಟ್ರೋಲ್ ಬಂಕ್ ತನಕ ಹದಿನೇಳು ಉಬ್ಬು ಅದಾವ. ಮೊದಲನೇ ಉಬ್ಬಿಗೆ ಜಿಗದಿ ಅಂದ್ರ, ಬಿದ್ದಾನ ಅಂತ ತಿಳಕೊಂಡು ಡಬ್ಬ ಅಂತೈತಿ. ಆಮ್ಯಾಲ?”

“ಅನ್ನೂದಿಲ್ರಿ!”

“ಅಂತೈತಿ!”

“ಅಂದ್ರ ನಾ ಈ ಅಂಗಡಿ ಕಟ್ಟಿ ಮತ್ತ ಹತ್ತೂದಿಲ್ಲ!”

ಆಗ ಉಸ್ತಾದನು ಎದ್ದು ನಿಂತು ಯುದ್ಧಧರ್ಮವನ್ನು ಸಾರಿದ. ತಂಡದ ಎರಡನೆಯ ಸವಾರನಾದ ಚಂದ್ರಾಮ, ಸಾಧು ಸ್ವಭಾವದವನು, ಸಣ್ಣ ತಲೆಯವನು, ಹಳದಿ ಹೆಲ್ಮೆಟ್ ತೊಟ್ಟು ಓಡತಕ್ಕದ್ದು. ಅಮೋಘಸಿದ್ಧನು ಗಾಳಿಪಟ್ಟಿ ತೊಟ್ಟು ಓಡತಕ್ಕದ್ದು. ಪೆಟ್ರೋಲ್ ಬಂಕಿನ ಕಂಬ ಮುಟ್ಟಿ ತಿರುಗಿ ಬರುವುದು, ಒಟ್ಟು ಹನ್ನೆರಡು ಕಿಲೋಮೀಟರು. “ದಾರ್ಯಾಗ ಬೀಳಲಾರದನ ಅದು ಉಬ್ಬಿದ್ರ, ಮುಂದಾಳಿನ ಜಾಗಾ ಚಂದ್ರಾಮಗ. ಉಬ್ಬಲಾರದ, ಇವನ್ನ ಹಿಂದ ಹಾಕಿ ಬಂದಿ ಅಂದ್ರ ಜಾಗಾ ನಿಂದು. ಆ ಮಫ್ಲರ್ ಕಟಗೊಂಡನ ಹೋಗು, ಪಂದ್ಯದವರ ಜೋಡಿ ನಾ ಜಗಳಾಡತೇನಿ.”

ಹೀಗೆ ಶಂಖದ ಬದಲು ಲಾರಿಯೊಂದು ಹಾರ್ನ್ ಹೊಡೆಯಲು, ಇಬ್ಬರೂ ವೀರರು ಹೊರಟರು.

ಎಲೈ ಕೇಳುಗರೇ, ಆ ದಿನದ ಸವಾರಿಯ ರಹಸ್ಯವನ್ನು ಅಮೋಘಸಿದ್ಧನು ಇಂದಿಗೂ ಯಾರಿಗೂ ಹೇಳಿಲ್ಲ, ನಾನು ಹೇಳುತ್ತೇನೆ. ಗುಂಡಿ ಹಾಕಿದ ಕ್ಷಣದಿಂದ ಅವನಿಗೆ ಹೆದರಿಕೆ ಹತ್ತಿತು. ಜನ್ಮದಲ್ಲಿ ಮೊಟ್ಟಮೊದಲ ಬಾರಿಗೆ. ಬೀಳುವ ಹೆದರಿಕೆಯಲ್ಲ, ಅದನ್ನು ಅವನು ತೊಟ್ಟಿಲಲ್ಲೇ ಬಿಟ್ಟು ಬಂದಿದ್ದ. ಕುತ್ತಿಗೆಯಲ್ಲಿ ಮಲಗಿದ್ದುದು ಎಲ್ಲಿ ಎದ್ದೀತೋ ಎಂಬ ಹೆದರಿಕೆ. ಹಾರಿ ದಾಟುತ್ತಿದ್ದ ಉಬ್ಬುಗಳನ್ನು ಈಗ ಬ್ರೇಕು ಹಿಡಿದು, ಬಸುರಿಯನ್ನು ಕೂರಿಸಿಕೊಂಡ ಬಂಡಿಯವನಂತೆ ಮೆಲ್ಲಗೆ ಹತ್ತಿಸಿ ಮೆಲ್ಲಗೆ ಇಳಿಸಿದ. “ಏಳಬ್ಯಾಡವಾ, ನಮ್ಮವ್ವ ಅಲ್ಲಾ, ಒಂದೀಟ ಮಲಕೋ,” ಎಂದು ಪಟ್ಟಿಗೆ ಜೋಗುಳ ಹೇಳಿದ. ತೆಗ್ಗು ಕಂಡರೆ ಸುತ್ತು ಹಾಕಿದ. ಶಾಲೆಯ ಗಾಡಿಗೆ ದಾರಿ ಬಿಟ್ಟ. ದಾರಿ ಬಿಟ್ಟ, ಅಮೋಘಸಿದ್ಧ! ಆ ಗಾಡಿಯ ಚಾಲಕನು ಏನೋ ಅನಾಹುತವಾಗಿದೆಯೆಂದು ಇಳಿದು ನೋಡಿದನಂತೆ.

ಇತ್ತ ಬಿಸಿಲೇರುತ್ತಿತ್ತು. ಪಟ್ಟಿಯ ಅಡಿಯಲ್ಲಿ ಕುತ್ತಿಗೆ ಕಾದ ಹೆಂಚಾಯಿತು. ಬೆವರು ಬೆನ್ನಿಗಿಳಿದು ಕಾಲುವೆಯಾಯಿತು. ಹಳದಿ ಹೆಲ್ಮೆಟ್ಟಿನ ಕಂಡಿಗಳಲ್ಲಿ ಗಾಳಿಯಾಡಿಸಿಕೊಂಡು ಚಂದ್ರಾಮನು ತಂಪಾಗಿ ಮುಂದೆ ಹೋಗುತ್ತಿದ್ದ. ಬಂಕಿನ ಕಂಬವನ್ನು ಅವನು ಮುಟ್ಟಿದಾಗ ಅಮೋಘಸಿದ್ಧನು ಇನ್ನೂ ಹದಿನಾರನೆಯ ಉಬ್ಬಿನ ಮೇಲೆ ಜೋಗುಳ ಹಾಡುತ್ತಿದ್ದ. “ಬೇಕಾದ್ರ ಎಳನೀರ ಕುಡದು ಬಾರೋ,” ಎಂದು ಎದುರಾದ ಚಂದ್ರಾಮ ಕೂಗಿ ಹೋದ. ಸಾಧು ಮನುಷ್ಯರ ಕೊಂಕು ಹೆಚ್ಚು ಉರಿಯುತ್ತದೆ.

ತಿರುಗುವ ದಾರಿ ತುಸು ಇಳಿಜಾರು. ಅಲ್ಲಿ ವೀರನ ರಕ್ತ ಕುದಿಯಿತು. ಪಟ್ಟಿ ಎದ್ದರೆ ಏಳಲಿ, ಜಾಗ ಹೋದರೆ ಹೋಗಲಿ, ಹೆದರಿಕೊಂಡು ಸೋತೆನೆಂಬ ಮಾತು ಮಾತ್ರ ಬೇಡವೆಂದು ಹಲ್ಲು ಕಚ್ಚಿ ತುಳಿದ. ಧನುಸ್ಸಿನಂತೆ ಬಾಗಿದ ಬೆನ್ನು, ಬುಗುರಿಯಂತೆ ತಿರುಗುವ ಪಾದಯುಗ್ಮ, ಬಾಣದಂತೆ ನೆಟ್ಟ ದೃಷ್ಟಿ. ಕಬ್ಬಿನ ಟ್ರಾಲಿಗಳೆರಡರ ನಡುವಿನ ಓಣಿಯಂಥ ಸಂದಿಯಲ್ಲಿ, ತೂಗಾಡುವ ಗಳಗಳಿಗೆ ಬಗ್ಗಿ, ಹೊಕ್ಕು ಹೊರಬಿದ್ದ. ಉಬ್ಬು ಬಂತು, ಹಾರಿದ. ಎರಡೂ ಗಾಲಿ ನೆಲ ಬಿಟ್ಟವು. ಪಟ್ಟಿ ಮಲಗಿಯೇ ಇತ್ತು. ಇನ್ನೊಂದು ಉಬ್ಬು; ಮಲಗಿಯೇ ಇತ್ತು. ಆಗ ಅವನ ಬಾಯಿಂದ ಹೊರಟ ಕೇಕೆಗೆ ಬೇವಿನ ಮರದ ಕಾಗೆಗಳೆಲ್ಲ ಎದ್ದವು.

ಚಂದ್ರಾಮನ ದುರ್ದೈವ ನೋಡಿರಿ: ಬೆವರಿಗೆ ಜಾರಿದ ಲಾಡಿಯು ಸಡಿಲಾಗಿ, ಹಳದಿ ಹೆಲ್ಮೆಟ್ಟು ಮುಂದಕ್ಕೆ ಸರಿದು, ಅವನ ಎರಡೂ ಕಣ್ಣುಗಳ ಮೇಲೆ ಬಾಗಿಲೆಳೆಯಿತು. ಒಂದು ಕೈಯಿಂದ ಅದನ್ನೆತ್ತಿ ನೋಡುವಷ್ಟರಲ್ಲಿ ಎಮ್ಮೆಯೊಂದರ ಪುಷ್ಟವಾದ ಹಿಂಭಾಗ ಒಂದು ಗೇಣಿನಲ್ಲಿತ್ತು. ಅವನು ಗಕ್ಕನೆ ನಿಂತ. ಎಮ್ಮೆ ತಿರುಗಿ ನೋಡಿ ಬಾಲವಾಡಿಸಿತು. ಅಮೋಘಸಿದ್ಧನು ಪಕ್ಕದಿಂದ ಬಿರುಗಾಳಿಯಂತೆ ಹಾದುಹೋದ.

ಗಾಲಿಯ ಮೇಲೆ ಗಾಲಿ ಎಣಿಸಿ ಎರಡು ಗಾಲಿಯ ಅಂತರದಲ್ಲಿ ಅವನು ಗೆದ್ದ! ಪಟ್ಟಿ ಉಬ್ಬಿರಲಿಲ್ಲ! ಬಸಿ ಹಿಡಿದ ಹದಿನೆಂಟು ಜನರೂ, ನಾಚಿಕೆಯಿಲ್ಲದೆ, ಮೊದಲಿನಿಂದಲೂ ಅವನ ಕಡೆಯವರೇ ಆಗಿದ್ದಂತೆ ಸಿಳ್ಳೆ ಹೊಡೆದರು. ಉಸ್ತಾದನು ಕುರ್ಚಿಯಲ್ಲಿ ನೆಟ್ಟಗೆ ಕೂತ. ಚಹಾ ಬಸಿ ತುಟಿಯ ಹತ್ತಿರವೇ ನಿಂತಿತ್ತು.

ಈಗ ಆ ಅಂಗಡಿಯ ಒಂದು ಸಂಪ್ರದಾಯವನ್ನು ಹೇಳದೆ ಮುಂದೆ ಹೋಗುವಂತಿಲ್ಲ. ಉಸ್ತಾದನು ಗರಡಿಯಿಂದ ಬಂದವನಾದ್ದರಿಂದ, ಸವಾರಿ ಮುಗಿಸಿದವನು ಗೆದ್ದಿರಲಿ ಸೋತಿರಲಿ, ನೀರು ಕುಡಿಯುವ ಮೊದಲು, ಬೆವರೊರೆಸುವ ಮೊದಲು, ಅವನ ಪಾದದ ಮುಂದಿನ ಎಣ್ಣೆಗಪ್ಪು ಕಲ್ಲಿನ ಮೇಲೆ ಉದ್ದಕ್ಕೆ ಮಲಗಿ, ಹಣೆ ಮುಟ್ಟಿಸಿ ನಮಸ್ಕರಿಸಬೇಕು. ಬೆರಳು ತಾಗಿಸಿ ಎದೆಗೊತ್ತಿಕೊಳ್ಳುವುದನ್ನು ಅವನು ಕಾರಕೂನರ ನಮಸ್ಕಾರವೆಂದು ಕರೆಯುತ್ತಿದ್ದ. ಅದೂ ನಿಧಾನವಾಗಿ ಮಲಗುವುದಲ್ಲ. ಪೈಲ್ವಾನನು ಮಣ್ಣಿಗೆರಗಿದಂತೆ, ನಿಂತಲ್ಲಿಂದ ಒಮ್ಮೆಗೇ, ದಪ್ಪನೆ.

ಗೆಲುವಿನ ಮದದಲ್ಲಿ, ಭಕ್ತಿಯ ಭರದಲ್ಲಿ, ಮುಂದಾಳಿನ ಪಟ್ಟ ಕೈಗೆ ಬಂದ ಆನಂದದಲ್ಲಿ, ಅಮೋಘಸಿದ್ಧನು ಸೈಕಲ್ಲನ್ನು ಚಂದ್ರಾಮನ ಕಡೆ ದೂಡಿ, ಎರಡು ಹೆಜ್ಜೆ ಓಡಿ, ಗದ್ದದ ಕೆಳಗಿನ ಗುಂಡಿಯನ್ನು ಬಿಚ್ಚದೆ, ಉಸ್ತಾದನ ಪಾದಕ್ಕೆ ದಪ್ಪನೆ ಎರಗಿದ.

ಢಂ!

ಹದಿನೇಳು ಉಬ್ಬುಗಳಿಗೆ ಏಳದ್ದು, ಟ್ರಾಲಿಗಳಿಗೆ ಏಳದ್ದು, ಗುರುಭಕ್ತಿಗೆ ಎದ್ದಿತು. ಉಸ್ತಾದನು ಎರಡೂ ಕಾಲೆತ್ತಿ ಕುರ್ಚಿಸಮೇತ ಹಿಂದಕ್ಕೆ ವಾಲಿ, ಗೋಡೆಗೆ ತೂಗಿದ್ದ ಟೈರುಗಳ ನಡುವೆ ಸಿಕ್ಕಿಕೊಂಡ. ಚಹಾ ಅವನ ಧೋತರದ ಮೇಲೆ ಹರಿಯಿತು. ಕಲ್ಲಿನ ಮೇಲೆ ಹಣೆಯಿಡಲು ಹೋದ ವೀರನು ಹಣೆಗೂ ಕಲ್ಲಿಗೂ ನಡುವೆ ಗೇಣುದ್ದದ ಗಾಳಿಯ ಮೇಲೆ ತೇಲಿ, ಒಮ್ಮೆ ಪುಟಿದು, ಮೊಣಕಾಲೂರಿ ಎದ್ದ. ಎದ್ದಾಗ ಅವನ ತಲೆಯಿರಬೇಕಾದಲ್ಲಿ ಬೆಳ್ಳಗೆ ದುಂಡಗೆ ಬಿಗಿದುಕೊಂಡ ಮಹಾಬುರುಡೆಯಿತ್ತು. ಅದರ ನಡುವಿನ ಕಂಡಿಯಲ್ಲಿ ಎರಡು ಕಣ್ಣು, ಒಂದು ಮೂಗು.

ಕಾಶವ್ವ ಸೋಸಣಿಗೆ ಹಿಡಿದೇ ಅಂಗಡಿಯಿಂದ ಈಚೆ ಬಂದಳು.

“ಎವ್ವಾ,” ಎಂದಳು ಕಾಶವ್ವ, “ಹೂಕೋಸು!”

ಆಮೇಲಿನ ನಗೆಯನ್ನು ವರ್ಣಿಸಲು ಸಾವಿರ ನಾಲಗೆಯ ಆದಿಶೇಷನಿಗೂ ಆಗದು, ಅವನೂ ನಗುತ್ತಿದ್ದನೇನೋ. ಚಂದ್ರಾಮನು ಎರಡು ಸೈಕಲ್ ಹಿಡಿದುಕೊಂಡೇ ನೆಲಕ್ಕೆ ಕುಸಿದ. ಉಸ್ತಾದನು ಟೈರುಗಳಿಂದ ಬಿಡಿಸಿಕೊಂಡು, ಧೋತರ ಝಾಡಿಸಿ, ಹತ್ತಿರ ಬಂದ.

“ಅಲ್ಲೋ ಅಮೋಗಿ, ಉಬ್ಬ ಅಡ್ಡ ಬಂದ್ರ ಸುಮ್ಮನಿತ್ತು, ಕಬ್ಬ ಅಡ್ಡ ಬಂದ್ರ ಸುಮ್ಮನಿತ್ತು. ನನಗ ನಮಸ್ಕಾರ ಮಾಡೂದ ಇದರ ಕಣ್ಣಿಗೆ ಅಪಘಾತ ಕಂಡಿತೇನು?”

“ಗುಂಡಿ ಬಿಚ್ಚೂದ ಮರತೆನ್ರಿ,” ಎಂದಿತು ಬುರುಡೆಯೊಳಗಿಂದ ಕ್ಷೀಣಸ್ವರ.

ಉಸ್ತಾದನು ಆ ಬಿಳಿಯ ಗೋಳವನ್ನು ಕಲ್ಲಂಗಡಿ ಪರೀಕ್ಷಿಸುವಂತೆ ಬೆರಳಿನಿಂದ ಬಡಿದು ನೋಡಿದ, ಒತ್ತಿ ನೋಡಿದ. ಮುಖದ ನಗೆ ನಿಧಾನವಾಗಿ ಇಳಿಯಿತು. “ಗಟ್ಟಿ ಐತಿ ಬಿಡಪಾ,” ಎಂದ. “ಸುಳ್ಳ್ಯಾಕ ಹೇಳ್ಲಿ. ಈ ಕಲ್ಲಿಗೆ ಹಂಗ ಬಡಕೊಂಡಿದ್ರೂ ಒಂದ ಗೀರ ಬಂದಿಲ್ಲ. ಇನ್ನೊಂದ ಐತೇನು ಇಂಥಾದ್ದು?”

“ಇಲ್ರಿ.”

“ಸಿಗತೈತೇನು ಇಲ್ಲೆಲ್ಲೆರ?”

“ಇಲ್ರಿ.”

ಉಸ್ತಾದನು ನಿಟ್ಟುಸಿರು ಬಿಟ್ಟ. ಅವನು ಕೆಟ್ಟವನಲ್ಲ, ಬಾಯಿ ಮಾತ್ರ ಅವನ ಮಾತು ಕೇಳುತ್ತಿರಲಿಲ್ಲ. “ಹಂಗಾರ ಕೇಳು. ದಾರ್ಯಾಗ ಉಬ್ಬಿಲ್ಲ, ನೀ ಗೆದ್ದಿ. ಜಾಗಾ ನಿಂದ. ಪುಣೆದಾಗ ನನ್ನ ಅಳಿಯ ಅದಾನ, ಅಲ್ಲಿ ದೊಡ್ಡ ಅಳತಿ ಹೆಲ್ಮೆಟ್ ಸಿಗತಾವ. ಈಗ ಫೋನ್ ಮಾಡಿದ್ರ ಗುರುವಾರಕ್ಕ ಬಸ್ಸಿನ್ಯಾಗ ಬರತೈತಿ.” ಕಿವಿಯ ಹಿಂದಿನ ಪೆನ್ಸಿಲ್ ತೆಗೆದ, ಬೀಡಿಯ ಪೊಟ್ಟಣದ ಬೆನ್ನನ್ನು ಹಾಳೆ ಮಾಡಿಕೊಂಡ, ಕನ್ನಡಕವೇರಿಸಿದ. “ಹೇಳು, ತಲಿ ಸುತ್ತಳತಿ ಎಷ್ಟು?”

ಹದಿನೆಂಟು ಕಿವಿಜೋಡಿಗಳು ಮುಂದೆ ಬಾಗಿದವು. ಕಾಶವ್ವ ಸ್ಟೋವು ಸಣ್ಣ ಮಾಡಿದಳು.

ಅಮೋಘಸಿದ್ಧನಿಗೆ ಆ ಅಂಕಿ ಗೊತ್ತಿತ್ತು. ಮನೆಯ ಬಾಗಿಲಿಗೆ ಚಿಲಕ ಹಾಕಿ, ಬೋರವ್ವನ ಹೊಲಿಗೆಯ ಟೇಪಿನಿಂದ, ಒಮ್ಮೆಯಲ್ಲ ಮೂರು ಸಲ, ಸುಳ್ಳಾಗಲೆಂದು ಮೂರು ಸಲ, ಅಳೆದುಕೊಂಡಿದ್ದ. ಟೇಪು ಮೂರು ಸಲವೂ ಅದನ್ನೇ ಹೇಳಿತ್ತು. ಎದುರುಗಾಳಿಯನ್ನು ಸರಿಸಿದವನು, ಟ್ರಾಲಿಗಳ ನಡುವೆ ನುಗ್ಗಿದವನು, ಎಂಟು ದಿನಗಳಾಚೆಗಿನ ಪಟ್ಟವನ್ನು ಬೆವರಿನಿಂದ ಕೊಂಡವನು, ಈಗ ಬಾಯಿ ತೆರೆದು ಇಂಚುಗಳ ಒಂದು ಸಂಖ್ಯೆಯನ್ನು ಉಚ್ಚರಿಸಿದರೆ ಸಾಕಿತ್ತು.

“ಹೇಳೋ,” ಎಂದ ಚಂದ್ರಾಮ, ಮಣ್ಣು ಕೊಡವಿಕೊಳ್ಳುತ್ತ, ನಿಜವಾದ ಪ್ರೀತಿಯಿಂದ. “ಯಾರೂ ನಗೂದಿಲ್ಲ.”

ಆ ಮಾತಿಗೇ ಯಾರೋ ಕಿಸಕ್ಕೆಂದರು.

ಅಮೋಘಸಿದ್ಧನು ಚಂದ್ರಾಮನ ಕೈಯಿಂದ ತನ್ನ ಸೈಕಲ್ಲನ್ನು ತೆಗೆದುಕೊಂಡ. ಪಾವಿನ ಬುಟ್ಟಿಯನ್ನು ಕ್ಯಾರಿಯರಿಗಿಟ್ಟು ಹಗ್ಗ ಬಿಗಿದ. ಹತ್ತಲಿಲ್ಲ, ಆ ಬುರುಡೆಯಲ್ಲಿ ಅಕ್ಕಪಕ್ಕ ಏನೂ ಕಾಣುತ್ತಿರಲಿಲ್ಲ. ಹ್ಯಾಂಡಲ್ ಹಿಡಿದು, ಸುಯ್ಯೆಂದು ಮೆಲ್ಲಗೆ ಕುಗ್ಗುತ್ತಿದ್ದ ಬಿಳಿಗೋಳವನ್ನು ಹೊತ್ತು, ಮಾರ್ಕೆಟಿನ ಕಡೆ ಹೆಜ್ಜೆ ಹಾಕಿದ.

“ಏ ಅಮೋಗಿ! ಫೋನ್ ಹಚ್ಚೇನೋ, ಅಳಿಯ ಕೇಳಾಕತ್ತಾನ!” ಎಂದು ಉಸ್ತಾದ ಕೂಗಿದ. “ಇಂಚಿನ್ಯಾಗ ಹೇಳಾಕ ನಾಚಿಕಿ ಬಂದ್ರ ಸೆಂಟಿಮೀಟರಿನ್ಯಾಗರ ಹೇಳೋ!”

ಸಂಗೀತದಂತೆ ಟಿಕಟಿಕ ಎನ್ನುತ್ತ ಸೈಕಲ್ಲು ಹೋಯಿತು. ಅವನು ತಿರುಗಿ ನೋಡಲಿಲ್ಲ.